ಸಪ್ಪಲಮ್ಮನ ಮನೆಯ ಹೊಗೆಗೂಡು

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಹೊಸದಾಗಿ ಬಂದವರು ಸಪ್ಪಲಮ್ಮನ ಮನೆ ಯಾವುದೆಂದು ಕೇಳಿದರೆ ಜನ ಬಾಗಿಲು ತೋರಿಸುತ್ತಿರಲಿಲ್ಲ. ಕತ್ತೆತ್ತಿ, ಹೆಂಚಿನ ಮಾಡುಗಳ ಮೇಲೆ ಎದ್ದು ನಿಂತ ಹೊಗೆಗೂಡನ್ನು ತೋರಿಸುತ್ತಿದ್ದರು. ಬೀದಿಯಲ್ಲಿ ಅಷ್ಟೆತ್ತರದ ಹೊಗೆಗೂಡು ಬೇರೆ ಇರಲಿಲ್ಲ. ಅದನ್ನು ಕಟ್ಟಿದವನು ಅವಳ ಗಂಡ ಮುನಿಶಾಮಪ್ಪ.

ಗಂಡ ಹೆಂಡತಿ ಇಬ್ಬರೂ ಸಾವುಕಾರರಿಂದ ಕಚ್ಚಾ ರೇಷ್ಮೆ ತಂದು, ದೊಡ್ಡ ಹಂಡೆಯಲ್ಲಿ ಸೋಪಿನ ನೀರು ಕುದಿಸಿ ಅಂಟು ಬಿಡಿಸಿ, ಬಣ್ಣ ಹಾಕಿ ಕೊಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಲೆ ಉರಿಯಬೇಕು. ಮದುವೆಯಾದ ಹೊಸದರಲ್ಲಿ ಸಪ್ಪಲಮ್ಮನ ಕಣ್ಣು ಸದಾ ಕೆಂಪಗೆ ಊದಿಕೊಂಡಿರುತ್ತಿತ್ತು. ‘ನಿನ್ನ ಕಣ್ಣು ನೋಡಿದ್ರೆ ನಾನು ದಿನಾ ಹೊಡೀತೀನಿ ಅಂದ್ಕೋತಾರೆ ಕಣೇ’ ಎಂದು ನಗುತ್ತಿದ್ದ ಮುನಿಶಾಮಪ್ಪ ಒಂದು ಬೇಸಿಗೆಯಲ್ಲಿ ಬೇರೆ ಕೆಲಸವನ್ನೆಲ್ಲ ಬಿಟ್ಟು, ಬೆಲ್ಲದ ನೀರು ಹಾಕಿ ಗಾರೆ ಅರೆದು, ಒಂದೊಂದು ಇಟ್ಟಿಗೆಯನ್ನೂ ನೀರಲ್ಲಿ ನೆನೆಹಾಕಿ ಹೊಗೆಗೂಡು ಎಬ್ಬಿಸಿದ. ಒಲೆಯ ಹಿಂದಿನ ಗೋಡೆಯಲ್ಲಿ ಹುಟ್ಟಿ, ಅಟ್ಟದ ಹಿಂದೆ ಹಾದು, ಹೆಂಚು ದಾಟಿ ಮೇಲಕ್ಕೆ ಹೋಗುವ ಗೂಡು. ಮೊದಲ ದಿನ ಒಲೆ ಹೊತ್ತಿಸಿದಾಗ ಹೊಗೆ ಒಂದೆಳೆಯೂ ಒಳಗೆ ಉಳಿಯದೆ ಸುಯ್ಯೆಂದು ಮೇಲೇರಿತು. ಸಪ್ಪಲಮ್ಮ ಅಂಗಳಕ್ಕೆ ಓಡಿಹೋಗಿ ಆಕಾಶ ನೋಡಿದಳು. ಆ ಮನೆಯಲ್ಲಿ ಅವಳು ಕಂಡ ದೊಡ್ಡ ಸುಖ ಅದೇ.

ಸಾವಿರದ ಒಂಬೈನೂರ ಅರವತ್ತಮೂರನೆಯ ಇಸವಿಯಲ್ಲಿ ಮುನಿಶಾಮಪ್ಪ ಎದೆಯ ಕಾಯಿಲೆಯಿಂದ ಹೋದ. ಮಗಳು ಭಾಗ್ಯಮ್ಮನಿಗೆ ಆಗ ಹನ್ನೊಂದು ವರ್ಷ. ಸಪ್ಪಲಮ್ಮ ತವರಿಗೆ ಹೋಗಲಿಲ್ಲ. ಹದಿಮೂರನೆಯ ದಿನ ಕಳೆದ ಮಾರನೆಯ ಬೆಳಿಗ್ಗೆಯೇ ಒಲೆ ಹೊತ್ತಿಸಿದಳು. ಬೀದಿಯವರು ‘ಗಂಡಸಿನಂಥ ಹೆಂಗಸು’ ಎಂದರು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಅವಳು ಕೇಳಲಿಲ್ಲ.

ಮೂರು ವರ್ಷದ ಮೇಲೆ ಪಿಳ್ಳಪ್ಪ ಬಂದ. ಖಾಕಿ ಚಡ್ಡಿ, ಬಿಳಿ ಅಂಗಿ, ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿದ ಕ್ಯಾನ್ವಾಸ್ ಚೀಲ. ತಾನು ಬೆಂಗಳೂರಿನ ಮಿಲ್ಲುಗಳಿಗೆಲ್ಲ ಹೊಗೆಗೂಡು ರಿಪೇರಿ ಮಾಡುವ ಕಂಟ್ರಾಕ್ಟರ್ ಎಂದು ಹೇಳಿಕೊಂಡ. ಬೀದಿಯ ಬಾಯಲ್ಲಿ ನಿಂತು ಕತ್ತೆತ್ತಿ ನೋಡಿ, ನೇರವಾಗಿ ಸಪ್ಪಲಮ್ಮನ ಬಾಗಿಲಿಗೆ ಬಂದ.

“ಅಮ್ಮಾ, ಈ ಗೂಡು ಕಟ್ಟಿದ್ದು ಯಾರು?”

“ನಮ್ಮ ಯಜಮಾನ್ರು. ಈಗಿಲ್ಲ.”

“ಪಾಪ, ಅವ್ರಿಗೆ ಗೊತ್ತಿರ್ಲಿಲ್ಲ ಬಿಡಿ. ನೋಡಿದ್ರೇ ಗೊತ್ತಾಗ್ತೈತೆ, ಒಳಗೆ ಬಿರುಕು ಬಿಟ್ಟೈತೆ. ಹೊರಗಿಂದ ಕಾಣಲ್ಲ. ಹೋದ ತಿಂಗಳು ಹೊಸಕೋಟೆ ಕಡೆ ಇಂಥದ್ದೇ ಒಂದು ಮನೆ, ಬೆಂಕಿ ಹತ್ಕೊಂಡು ತಾಯಿ ಮಕ್ಕಳು ಮೂರು ಜನ ಒಳಗೇ ಹೋದ್ರು. ನೋಡೋಕೆ ನಂಗೆ ಕೂಲಿ ಬ್ಯಾಡ. ಏನೂ ಇಲ್ದಿದ್ರೆ ಹಂಗೇ ಇಳಿದು ಹೋಗ್ತೀನಿ.”

ಚೀಲ ಹೆಗಲಿಗೆ ಹಾಕಿಕೊಂಡೇ ಮಾಡು ಹತ್ತಿದ. ಇಳಿದು ಬಂದಾಗ ಅವನ ಕೈಯಲ್ಲಿ ಕಪ್ಪಗೆ ಸುಟ್ಟ ಇಟ್ಟಿಗೆಯ ಚೂರೊಂದಿತ್ತು. “ಕೈ ಹಾಕಿದ್ ತಕ್ಷಣ ಕಳಚ್ಕೊಂಡು ಬಂತು ನೋಡಿ” ಎಂದು ಅವಳ ಅಂಗೈಯಲ್ಲಿಟ್ಟ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಸಪ್ಪಲಮ್ಮ ಅಳುವ ಹೆಂಗಸಲ್ಲ. ಆದರೆ ಗಂಡನ ಕೆಲಸ ಹೀಗೆ ಪುಡಿಯಾಗುವುದನ್ನು ನೋಡಿ ಅವಳ ಕಣ್ಣು ತುಂಬಿತು. ಪಿಳ್ಳಪ್ಪ ಮುಖ ಆಚೆ ತಿರುಗಿಸಿ ನಿಂತ. ಮರ್ಯಾದಸ್ಥ ಎಂದುಕೊಂಡಳು.

ಅರ್ಧ ಹಣ ಮುಂಗಡ ಎಂದ. ಸಾಲದೆ ಬಂದುದಕ್ಕೆ ಅವಳು ಕಿವಿಯ ಓಲೆ ಬಿಚ್ಚಿಕೊಟ್ಟಳು. ಅವನು ನಾಲ್ಕು ದಿನದಲ್ಲಿ ಹಳೆಯ ಗೂಡನ್ನು ಪೂರ್ತಿ ಕೆಡವಿ, ಇಟ್ಟಿಗೆಗಳನ್ನು ಗಾಡಿಗೆ ತುಂಬಿಸಿ ಸಾಗಿಸಿದ. ಹೊಸದನ್ನು ಅಟ್ಟ ದಾಟಿ ಹೆಂಚಿನ ಮಟ್ಟದವರೆಗೆ ಎಬ್ಬಿಸಿ, ಮನೆಯೊಳಗೆ ಕಾಣುವ ಮೈಗೆ ಗಾರೆ ಸವರಿ ನುಣ್ಣಗೆ ಗಿಲಾವು ಮಾಡಿ, ಮೇಲಿನ ಭಾಗಕ್ಕೆ ಒಳ್ಳೆಯ ಇಟ್ಟಿಗೆ ತರುತ್ತೇನೆಂದು ಸೈಕಲ್ ಹತ್ತಿದವನು ಮತ್ತೆ ಬರಲಿಲ್ಲ.

ಅದೇ ವಾರ ಮುಂಗಾರು ಹಿಡಿಯಿತು. ತೆರೆದ ಗೂಡಿನಿಂದ ನೀರು ಕೊಡದಲ್ಲಿ ಸುರಿದಂತೆ ಒಲೆಗೆ ಇಳಿಯಿತು. ಬಣ್ಣದ ಹಂಡೆಯಲ್ಲಿದ್ದ ಸಾವುಕಾರನ ರೇಷ್ಮೆಯೆಲ್ಲ ಮಸಿ ಬೆರೆತು ಹಾಳಾಯಿತು. ಎರಡು ತಿಂಗಳು ಯಾರೂ ಅವಳಿಗೆ ಕೆಲಸ ಕೊಡಲಿಲ್ಲ.

ಹಾಗೆ ಕೈ ಖಾಲಿಯಿದ್ದ ದಿನಗಳಲ್ಲೇ ಅವಳು ಪಕ್ಕದ ಮನೆಯ ಸೊಣ್ಣಪ್ಪನ ಹಿತ್ತಲಲ್ಲಿ ಹೊಸದಾಗಿ ಎದ್ದ ದನದ ಕೊಟ್ಟಿಗೆಯ ಗೋಡೆ ನೋಡಿದ್ದು. ಹತ್ತಿರ ಹೋಗಿ ಇಟ್ಟಿಗೆಗಳ ಮೇಲೆ ಕೈಯಾಡಿಸಿದಳು. ಒಂದು ಮಗ್ಗುಲು ಮಸಿ ಹಿಡಿದ, ಗಂಡ ನೆನೆಹಾಕಿದ್ದ ಅವವೇ ಇಟ್ಟಿಗೆಗಳು. ಒಂದರಲ್ಲೂ ಬಿರುಕಿಲ್ಲ. ಒಂದರ ಮೂಲೆಯೂ ಮುರಿದಿಲ್ಲ.

“ಸೊಣ್ಣಪ್ಪಾ, ಇವು ನಮ್ಮನೇವು.”

“ಪಿಳ್ಳಪ್ಪ ಮಾರಿದ, ನಾನು ತಗೊಂಡೆ ಕಣಕ್ಕಾ. ಗಟ್ಟಿ ಮಾಲು. ಯಾಕೆ ಕೆಡವಿಸ್ತಾ ಇದ್ದಾಳೆ ಅಂತ ನಾನೂ ಅಂದ್ಕೊಂಡೆ.”

“ಅಂದ್ಕೊಂಡೋನು ನಂಗೆ ಹೇಳ್ಬಾರ್ದಾಗಿತ್ತಾ?”

“ನೀನು ಕೇಳಿದ್ಯಾ?” ಎಂದು ಸೊಣ್ಣಪ್ಪ ಹಸುವಿಗೆ ಹುಲ್ಲು ಹಾಕಲು ಹೋದ.

ಪಿಳ್ಳಪ್ಪ ಹೊಸಕೋಟೆಯ ಆಚೆ ಒಂದು ಇಟ್ಟಿಗೆ ಸುಡುವ ಗೂಡಿನಲ್ಲಿದ್ದಾನೆಂದು ಯಾರೋ ಹೇಳಿದರು. ಸಪ್ಪಲಮ್ಮ ಮಗಳನ್ನು ನೆಂಟರ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದಳು. ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹೊಸಕೋಟೆಯಲ್ಲಿ ಇಳಿದು, ಮೂರು ಮೈಲಿ ನಡೆದು ಹೋದಳು. ಪಿಳ್ಳಪ್ಪ ಹತ್ತಾರು ಕೂಲಿಯಾಳುಗಳ ನಡುವೆ ನಿಂತಿದ್ದ. ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದ. ಅದು ಅವನ ಕಣ್ಣಿನಲ್ಲೇ ಅವಳಿಗೆ ಕಂಡಿತು. ಅವಳು ಬಾಯಿ ತೆರೆಯುವ ಮೊದಲೇ ಅವನು ಎಲ್ಲರಿಗೂ ಕೇಳುವಂತೆ ಕೂಗಿದ:

“ಏನಮ್ಮೋ, ಗಂಡ ಸತ್ತ ಮೇಲೆ ಒಲೆ ತಣ್ಣಗಾಗೋಯ್ತಾ? ಉರಿ ಹಾಕ್ಸೋಕೆ ನನ್ನ ಹುಡುಕ್ಕೊಂಡು ಇಷ್ಟು ದೂರ ಬಂದ್ಬಿಟ್ಯಾ?”

ಆಳುಗಳು ನಕ್ಕರು. ಹೆಣ್ಣಾಳುಗಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಸಪ್ಪಲಮ್ಮ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು ತಿರುಗಿ ನಡೆದಳು. ನಗು ಮಾತ್ರ ರಸ್ತೆಯವರೆಗೂ ಬೆನ್ನ ಹಿಂದೆ ಬಂತು.

ಊರಿಗೆ ಹಿಂದಿರುಗಿದವಳು ಬೇರೆಯ ಹೆಂಗಸು. ಸ್ಥಳೀಯ ಗಾರೆಯವನನ್ನು ಕರೆಸಿ ಹೆಂಚಿನ ಮೇಲಿನ ಭಾಗ ಕಟ್ಟಿಸಿಕೊಂಡಳು. ಕೆಳಗಿನದು ಗಿಲಾವಾಗಿ ನುಣ್ಣಗಿದ್ದುದರಿಂದ ಅದನ್ನು ಯಾರೂ ಮುಟ್ಟಲಿಲ್ಲ. ಆ ಗಾರೆಯವನಿಗೆ ಮಾಡು ಹತ್ತುವ ಮೊದಲೇ ಅಪ್ಪಣೆಯಾಯಿತು: “ಚೀಲ ಕೆಳಗಿಡು. ಅಂಗಿ ಬಿಚ್ಚು. ಸೊಂಟದ ಪಂಚೆ ಒದರು.” ಸುಣ್ಣ ಅವಳ ಕಣ್ಣೆದುರೇ ನೀರಲ್ಲಿ ಅರಳಬೇಕು. ಕಳಚಿದ ಪ್ರತಿ ಇಟ್ಟಿಗೆಗೂ ಅವಳು ಅರಿಶಿನದ ಗುರುತು ಹಾಕಿ ಎಣಿಸಿಡುವಳು. ಕೆಲಸ ಮುಗಿದ ಮೇಲೆ ಒಲೆಗೆ ಒದ್ದೆ ಹುಲ್ಲು ಹಾಕಿ, ಹೊಗೆ ಗೋಡೆಯಲ್ಲಿ ಎಲ್ಲಾದರೂ ಸೋರುತ್ತದೆಯೇ ಎಂದು ಮೂಸಿ ನೋಡಿದ ಮೇಲೆಯೇ ಕೂಲಿ.

ಬೀದಿಯ ಹೆಂಗಸರು ಇದನ್ನು ನೋಡಿದರು. ತಮ್ಮ ಮನೆಗೂ ಯಾರಾದರೂ ಗಾರೆಯವನು, ಹೆಂಚಿನವನು ಬಂದರೆ ‘ಸಪ್ಪಲಕ್ಕನ್ನ ಕರೀರಿ’ ಎನ್ನತೊಡಗಿದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬರುವಳು. ತ್ಯಾಮಗೊಂಡ್ಲಿನಿಂದ ಬಂದ ಒಬ್ಬನ ಚೀಲದಲ್ಲಿ ಬೂದಿ ಬೆರೆಸಿದ ಸುಣ್ಣ ಸಿಕ್ಕಿತು. ಅದನ್ನು ಅವನ ತಲೆಯ ಮೇಲೆಯೇ ಸುರಿದಳು. ಬೀದಿ ಕೇಕೆ ಹಾಕಿ ನಕ್ಕಿತು. ಆ ನಗು ಕೇಳಿದಾಗ ಸಪ್ಪಲಮ್ಮನ ಮೈಯೊಳಗೆ ಏನೋ ಹದವಾಗಿ ಬೆಚ್ಚಗಾಗುತ್ತಿತ್ತು. ಮೊದಮೊದಲು ಈ ಶಾಸ್ತಿ ಮೋಸಗಾರರಿಗೆ ಮಾತ್ರ. ಆಮೇಲೆ ತಡವಾಗಿ ಬಂದವನಿಗೆ, ಎದುರು ಮಾತಾಡಿದವನಿಗೆ, ಕೊನೆಗೆ ಯಾರು ಏಣಿ ಹಿಡಿದು ಬಂದರೂ ಅವರಿಗೆ. ಬೀದಿಯವರಿಗೂ ಅದೊಂದು ಆಟವಾಗಿಬಿಟ್ಟಿತು. ಏಣಿ ಕಂಡರೆ ಸಾಕು, ಜಗಲಿಗಳ ಮೇಲೆ ಜನ ಬಂದು ಕೂರುತ್ತಿದ್ದರು.

ಹೀಗೆ ಎಂಟು ವರ್ಷ ಕಳೆಯಿತು. ಭಾಗ್ಯಮ್ಮನಿಗೆ ಮದುವೆಯಾಗಿ, ಪವರ್‌ಲೂಮ್ ಕೆಲಸದ ಅಳಿಯ ಮುನಿರಾಮಯ್ಯ ಮನೆಗೇ ಬಂದಿದ್ದ. ಒಲೆಯ ಕೆಲಸ ಹೆಚ್ಚಾಗಿ ಭಾಗ್ಯಮ್ಮನದಾಗಿತ್ತು. ಅವಳು ಅಪ್ಪನ ಹಾಗೆ ನಗುವ ಹುಡುಗಿ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅಟ್ಟದ ಮೇಲೆ ಸುಟ್ಟ ವಾಸನೆ ಬರುತ್ತದೆಂದು ಭಾಗ್ಯಮ್ಮ ಹೇಳಿದಳು. ಮಸಿ ಕಟ್ಟಿಕೊಂಡಿರಬೇಕು, ಕೆರೆಸಿದರೆ ಸರಿಹೋಗುತ್ತದೆ ಎಂದಳು ಸಪ್ಪಲಮ್ಮ. ಊರ ಗಾರೆಯವರು ಯಾರೂ ಅವಳ ಮನೆಗೆ ಬರಲು ಒಪ್ಪಲಿಲ್ಲ. ಅಕ್ಕಿ ಗಿರಣಿಯೊಂದರ ಗೋಡೆ ಕಟ್ಟಲು ಹೊಸಕೋಟೆ ಹತ್ತಿರದ ಸಮೇತನಹಳ್ಳಿಯಿಂದ ಬಂದಿದ್ದ ಚಿಕ್ಕಬೀರಪ್ಪ ಎಂಬ ಮೇಸ್ತ್ರಿಗೆ ಅವಳ ವಿಷಯ ಗೊತ್ತಿರಲಿಲ್ಲ. ಅವನು ಬಂದ. ನಲವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಚೀಲ ಕೆಳಗಿಡು ಎಂದರೆ ಇಟ್ಟ. ಅಂಗಿ ಬಿಚ್ಚು ಎಂದರೆ, ಒಂದು ಕ್ಷಣ ಅವಳ ಮುಖ ನೋಡಿ, ಬಿಚ್ಚಿದ.

ಗೂಡು ಕೆರೆದು ಇಳಿದವನು ಒಳಗೆ ಬಂದು ಅಟ್ಟದ ಹಿಂದಿನ ಗೋಡೆಗೆ ಕಿವಿಯಿಟ್ಟು, ಗಾರೆ ಸವರುವ ಕರಣೆಯ ಹಿಡಿಯಿಂದ ಕುಟ್ಟಿ ಕುಟ್ಟಿ ನೋಡಿದ.

“ಅಕ್ಕಾ, ಇಲ್ಲಿ ಒಳಗೆ ಬಿರುಕೈತೆ. ಹೊರಗಿಂದ ಕಾಣಲ್ಲ.”

ಸಪ್ಪಲಮ್ಮ ಬಂದು ಗೋಡೆಯ ಗಿಲಾವಿನ ಮೇಲೆ ಕೈಯಾಡಿಸಿದಳು.

“ಗಿಲಾವಿನ ಹಿಂದೆ ಗಾರೆ ಇದ್ದಂಗಿಲ್ಲ. ಬರೀ ಇಟ್ಟಿಗೆ ಪೇರಿಸವ್ರೆ. ಒಡೆದು ನೋಡ್ಬೇಕು. ನೋಡೋಕೆ ಕೂಲಿ ಬ್ಯಾಡ. ಏನೂ ಇಲ್ದಿದ್ರೆ ನಾನೇ ಮುಚ್ಚಿಕೊಟ್ಟು ಹೋಗ್ತೀನಿ.”

“ಹೊಗೆ ಹಾಕಿ ನೋಡಿದೀನಿ ಕಣಯ್ಯಾ. ಎಲ್ಲೂ ಸೋರಿಲ್ಲ.”

“ಒದ್ದೆ ಹುಲ್ಲಿನ ಹೊಗೆಗೆ ಕಾವು ಸಾಲ್ದು ಅಕ್ಕಾ. ತಣ್ಣಗಿದ್ದಾಗ ಮುಚ್ಕೊಂಡಿರ್ತದೆ, ಚೆನ್ನಾಗಿ ಕಾದಾಗ ಬಾಯಿ ಬಿಡ್ತದೆ. ಅಟ್ಟದ ಮ್ಯಾಲೆ ಸೌದೆ, ತೆಂಗಿನಗರಿ ಎಲ್ಲಾ ಇಟ್ಟಿದ್ದೀರಿ. ಅದನ್ನಾದ್ರೂ ಇಳಿಸ್ಕೊಳಿ.”

ಹೊಸಕೋಟೆ ಕಡೆಯವನು. ಅದೇ ಮಾತು. ಅದೇ ‘ಕೂಲಿ ಬ್ಯಾಡ’. ಸಪ್ಪಲಮ್ಮ ಅಂಗಳಕ್ಕೆ ಬಂದು ಅವನ ಚೀಲವನ್ನು ಬೋರಲು ಹಾಕಿದಳು. ಕರಣೆ, ತೂಗುಗುಂಡು, ಎಲೆಯಡಿಕೆ ಸಂಚಿ, ಒಂದು ಮುದ್ದೆ ಕಟ್ಟಿದ್ದ ಬಟ್ಟೆ. ಕೊನೆಗೆ ಠಣ್ಣನೆ ಕಲ್ಲಿನ ಮೇಲೆ ಬಿದ್ದದ್ದು ಕಪ್ಪು ಬಣ್ಣದ ಇಟ್ಟಿಗೆ ಚೂರು.

“ಇದೇನು?”

“ಕರಣೆ ಮಸೆಯೋದು ಅಕ್ಕಾ.”

ನಿಜವೇ ಇರಬಹುದು ಎಂದು ಅವಳಿಗೆ ಅನ್ನಿಸಿತು. ಚೂರಿನ ಒಂದು ಮಗ್ಗುಲು ಸವೆದು ಹಳ್ಳ ಬಿದ್ದಿತ್ತು. ಅದನ್ನು ಅವಳು ನೋಡಿದಳು. ಆದರೆ ಆ ಹೊತ್ತಿಗೆ ಜಗಲಿಗಳ ಮೇಲೆ ಜನ ಕೂತಿದ್ದರು. ಸೊಣ್ಣಪ್ಪ ಎದ್ದು ನಿಂತು, “ಏನಕ್ಕಾ, ಇವನೂ ಪಿಳ್ಳಪ್ಪನ ಜಾತಿನೇನಾ?” ಎಂದು ಕೂಗಿದ. ಎಲ್ಲರೂ ಕಾಯುತ್ತಿದ್ದರು.

“ಪಿಳ್ಳಪ್ಪನ ತಮ್ಮ” ಎಂದಳು ಸಪ್ಪಲಮ್ಮ.

ಅಷ್ಟೇ ಸಾಕಾಯಿತು. ನಾಲ್ವರು ಬಂದು ಚಿಕ್ಕಬೀರಪ್ಪನ ತೋಳು ಹಿಡಿದರು. ಅವನು ಬಿಡಿಸಿಕೊಳ್ಳಲು ನೋಡಲಿಲ್ಲ. “ಯಾಕ್ರಪ್ಪಾ, ನಾನೇನು ಮಾಡ್ದೆ? ಒಡೆದು ನೋಡಿ, ಸುಳ್ಳಾದ್ರೆ ಹೊಡೀರಿ” ಎಂದು ಎರಡು ಸಲ ಹೇಳಿದ. ಭಾಗ್ಯಮ್ಮ ಬಾಗಿಲಿಗೆ ಬಂದು, “ಅಮ್ಮಾ, ಬೇಡಮ್ಮಾ, ಒಡೆದೇ ನೋಡ್ಸೋಣ” ಎಂದಳು. “ಒಳಗೆ ಹೋಗು” ಎಂದಳು ತಾಯಿ. ಅವನೇ ಗೂಡಿನಿಂದ ಕೆರೆದು ತೆಗೆದಿದ್ದ ಮಸಿಯನ್ನು ಸೊಣ್ಣಪ್ಪ ಬಾಣಲೆಯಲ್ಲಿ ಕಲಸಿ ತಂದುಕೊಟ್ಟ. ಸಪ್ಪಲಮ್ಮ ಎರಡೂ ಕೈ ಅದ್ದಿ ಚಿಕ್ಕಬೀರಪ್ಪನ ಹಣೆಯಿಂದ ಗದ್ದದವರೆಗೆ ಬಳಿದಳು.

ಬಳಿಯುವಾಗಲೇ ಅವಳ ಅಂಗೈ ಚುರ್ ಎಂದಿತು. ಬಾಣಲೆಗೆ ಸೊಣ್ಣಪ್ಪ ಹಸಿ ಸುಣ್ಣ ಬೆರೆಸಿದ್ದ. ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಚಿಕ್ಕಬೀರಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತಲೆ ಆ ಕಡೆ ಈ ಕಡೆ ಹೊರಳಿಸುತ್ತಿದ್ದ. ಪಕ್ಕದಲ್ಲೇ ನೀರಿನ ಕೊಳಗವಿತ್ತು. ಸಪ್ಪಲಮ್ಮ ಆ ನೀರಿನಲ್ಲಿ ತನ್ನ ಕೈ ತೊಳೆದುಕೊಂಡಳು. ಅವನನ್ನು ಜನ ಏಣಿಯ ಸಮೇತ ಬೀದಿಯುದ್ದಕ್ಕೂ ಮೆರವಣಿಗೆ ಮಾಡಿ ಬಸ್‌ಸ್ಟ್ಯಾಂಡಿನ ಹತ್ತಿರ ಬಿಟ್ಟು ಬಂದರು. ಅಲ್ಲಿಯವರೆಗೂ ಅವನು ‘ನೀರು, ನೀರು’ ಎನ್ನುತ್ತಿದ್ದನಂತೆ. ಅದನ್ನು ಹೇಳಿಕೊಂಡು ಜನ ಇನ್ನೊಮ್ಮೆ ನಕ್ಕರು.

ಅವಳ ಅಂಗೈಯ ಚರ್ಮ ಎರಡು ದಿನ ಸುಲಿಯಿತು. ಭಾಗ್ಯಮ್ಮ ಬೆಣ್ಣೆ ಹಚ್ಚುತ್ತಾ, “ನಿನ್ನ ಕೈಗೇ ಹಿಂಗಾದ್ರೆ ಆ ಯಪ್ಪನ ಕಣ್ಣೇನಾಗಿರ್ಬೇಕಮ್ಮಾ” ಎಂದಳು. ಸಪ್ಪಲಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಅಟ್ಟದ ಸೌದೆ ಇಳಿಸುತ್ತೇನೆಂದು ಮಗಳು ಹೇಳಿದಾಗ, “ಅವನ ಮಾತು ಈ ಮನೇಲಿ ನಡೆಯೋದು ಬೇಡ” ಎಂದಳು. ಸೌದೆ ಅಲ್ಲೇ ಉಳಿಯಿತು.

ಮುಂದಿನ ಮಾಘದಲ್ಲಿ ಮದುವೆ ಸೀರೆಗಳ ಕೆಲಸ ಜೋರಾಗಿತ್ತು. ಬೆಳಗಿನಿಂದ ಒಲೆ ಬಿಡದೆ ಉರಿಯುತ್ತಿತ್ತು. ನಡು ಮಧ್ಯಾಹ್ನ ಸಪ್ಪಲಮ್ಮ ಹಿತ್ತಲಲ್ಲಿ ಬಣ್ಣದ ರೇಷ್ಮೆ ನೂಲಿನ ಲಡಿಗಳನ್ನು ಒಣಗಲು ಬಿದಿರಿನ ಗಳುವಿಗೆ ಹಾಕುತ್ತಿದ್ದಾಗ ಹೆಂಚುಗಳು ಪಟಪಟ ಸಿಡಿಯುವ ಸದ್ದು ಕೇಳಿತು. ತಿರುಗಿದರೆ ಅಟ್ಟದ ಕಡೆಯ ಮಾಡಿನಿಂದ ಹೊಗೆಯಲ್ಲ, ಉರಿಯೇ ಏಳುತ್ತಿತ್ತು. ಭಾಗ್ಯಮ್ಮ ಹೊರಗೆ ಓಡಿಬಂದಳು. ಬಂದವಳು ಅಂಗಳದಲ್ಲಿ ನಿಂತು, “ಅಯ್ಯೋ, ಸಾವುಕಾರ್ರ ರೇಷ್ಮೆ” ಎಂದಳು.

ಹಾಳಾದ ರೇಷ್ಮೆಗಾಗಿ ಎರಡು ತಿಂಗಳು ಕೆಲಸವಿಲ್ಲದೆ ಕೂತಿದ್ದ ಆ ಮಳೆಗಾಲದಲ್ಲಿ ಅವಳು ಹದಿನಾಲ್ಕರ ಹುಡುಗಿ. ತಾಯಿ ಹಸಿದು ಮಲಗುವುದನ್ನು ಕಂಡಿದ್ದವಳು. ಸಪ್ಪಲಮ್ಮ “ಬೇಡ ಕಣೇ” ಎಂದು ಕೂಗುವಷ್ಟರಲ್ಲಿ ಭಾಗ್ಯಮ್ಮ ಒಳಗೆ ನುಗ್ಗಿದ್ದಳು. ಒಂದು ಹೊರೆ ಲಡಿ ಎದೆಗವಚಿಕೊಂಡು ಬಾಗಿಲವರೆಗೆ ಬಂದಳು. ಅಟ್ಟದ ತೊಲೆ ಅವಳ ಮೇಲೆ ಬಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಮೊದಲ ಎರಡು ದಿನ ಮಾತಾಡುತ್ತಿದ್ದಳು. ರೇಷ್ಮೆ ಉಳಿಯಿತೇ ಎಂದು ಕೇಳಿದಳು. ಉಳಿಯಿತು ಎಂದು ಸಪ್ಪಲಮ್ಮ ಸುಳ್ಳು ಹೇಳಿದಳು. ಮೂರನೆಯ ದಿನ ಬೆಳಿಗ್ಗೆ ಪ್ರಾಣ ಹೋಯಿತು. ಮುನಿರಾಮಯ್ಯ ವರ್ಷ ತುಂಬುವ ಮೊದಲೇ ಬೇರೆ ಮದುವೆಯಾಗಿ ದೇವನಹಳ್ಳಿಗೆ ಹೋದ. ಹೋಗುವಾಗ ಅತ್ತೆಯ ಮುಖ ನೋಡಲಿಲ್ಲ.

ಸುಟ್ಟ ಮನೆಯಲ್ಲಿ ಅಟ್ಟದ ಹಿಂದಿನ ಗೋಡೆಯ ಗಿಲಾವು ಉದುರಿತ್ತು. ಬೀದಿಯವರೆಲ್ಲ ಬಂದು ನೋಡಿದರು. ಇಟ್ಟಿಗೆಗಳ ನಡುವೆ ಗಾರೆಯಿರಲಿಲ್ಲ, ಬರೀ ಕೆಮ್ಮಣ್ಣು. ಒಂದು ಕಡೆ ಮುಷ್ಟಿ ಹೋಗುವಷ್ಟು ತೂತು. “ಪಿಳ್ಳಪ್ಪನ ಕೆಲಸ ನೋಡ್ರೋ, ಬಡ್ಡೀಮಗ” ಎಂದ ಸೊಣ್ಣಪ್ಪ. ಎಲ್ಲರೂ ಪಿಳ್ಳಪ್ಪನನ್ನು ಬೈದರು. ಇನ್ನೊಬ್ಬನ ಹೆಸರನ್ನು ಯಾರೂ ಎತ್ತಲಿಲ್ಲ.

ತಿಥಿ ಕಳೆದ ಮೇಲೆ ಸಪ್ಪಲಮ್ಮ ಸಮೇತನಹಳ್ಳಿಗೆ ಹೋದಳು. ಕೇಳಿಕೊಂಡು ಕೇಳಿಕೊಂಡು ಊರ ಕೊನೆಯ ಮನೆ ಮುಟ್ಟಿದಳು. ಚಿಕ್ಕಬೀರಪ್ಪನ ಹೆಂಡತಿ ಕದಿರಮ್ಮ ಬಾಗಿಲಲ್ಲಿದ್ದಳು. ಬಿಸಿಲಲ್ಲಿ ನಡೆದು ಬಂದ ಹೆಂಗಸೆಂದು ಒಂದು ಚೊಂಬು ನೀರು ತಂದುಕೊಟ್ಟಳು. ಸಪ್ಪಲಮ್ಮ ಎರಡು ಗುಟುಕು ಕುಡಿಯುವಷ್ಟರಲ್ಲಿ, “ಯಾವೂರಮ್ಮಾ?” ಎಂದು ಕೇಳಿದಳು.

“ದೊಡ್ಡಬಳ್ಳಾಪುರ. ನಿಮ್ಮ ಯಜಮಾನ್ರಿಗೆ ಮಸಿ ಬಳಿದೋಳು ನಾನೇ.”

ಕದಿರಮ್ಮ ಕೈ ಚಾಚಿ, “ಚೊಂಬು ಕೊಡು” ಎಂದಳು. ಇಸಿದುಕೊಂಡು ಉಳಿದ ನೀರನ್ನು ಬೀದಿಗೆ ಚೆಲ್ಲಿದಳು.

ಚಿಕ್ಕಬೀರಪ್ಪ ಒಳಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಒಂದು ಕಣ್ಣು ಬೆಳ್ಳಗೆ ಹಾಲಿನಂತಾಗಿತ್ತು. ಇನ್ನೊಂದಕ್ಕೆ ನೆರಳು ಮಾತ್ರ ಕಾಣುತ್ತಿತ್ತು. ಸಪ್ಪಲಮ್ಮ ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದಳು. ಮಗಳ ವಿಷಯವನ್ನೂ ಹೇಳಿದಳು. ಸುಣ್ಣ ಬೆರೆತಿದ್ದುದು ಬಳಿಯುವಾಗಲೇ ತನಗೆ ಗೊತ್ತಾಗಿತ್ತೆಂದೂ, ಹತ್ತಿರವೇ ನೀರಿತ್ತೆಂದೂ ಹೇಳಿದಳು. ಹಗ್ಗ ಹೊಸೆಯುವ ಕೈ ನಿಂತಿತು.

ಚಿಕ್ಕಬೀರಪ್ಪ ಕೇಳಿದ: “ತೂತು ಯಾವ ಕಡೆ ಇತ್ತು? ಎಡಕ್ಕಾ, ಬಲಕ್ಕಾ?”

“ಎಡಕ್ಕೆ. ತೊಲೆ ಕೂತ್ಕೊಳ್ಳೋ ಕಡೆ.”

“ನಾನು ಬಲಗಡೆ ಒಡೀಬೇಕು ಅಂತಿದ್ದೆ.” ಅವನು ಮತ್ತೆ ಹಗ್ಗ ಕೈಗೆತ್ತಿಕೊಂಡ. “ಒಡೆದಿದ್ರೂ ಏನೂ ಸಿಕ್ತಿರ್ಲಿಲ್ಲ ಹಂಗಾದ್ರೆ. ಆಗ್ಲೂ ನೀವು ಇದನ್ನೇ ಮಾಡ್ತಿದ್ರಿ.”

ಸಪ್ಪಲಮ್ಮ ಮೊಣಕಾಲೂರಿ ತಲೆಯನ್ನು ಹೊಸ್ತಿಲಿಗೆ ಇಡಲು ಹೋದಳು. ಕದಿರಮ್ಮ ಕಾಲು ಅಡ್ಡ ಇಟ್ಟಳು.

“ಏಳಮ್ಮಾ. ಇಲ್ಲಿ ಇಳಿಸಿ ಹಗುರಾಗಿ ಹೋಗೋಣ ಅಂತ ಬಂದ್ಯಾ? ನಮ್ಮನೇಲಿ ಜಾಗ ಇಲ್ಲ. ಹೊತ್ಕೊಂಡೇ ಹೋಗು.”

ಅವಳು ಹೊತ್ತುಕೊಂಡೇ ಬಂದಳು. ಮನೆಯಲ್ಲಿ ಮುಂಭಾಗದ ಒಂದು ಕೋಣೆ ಉಳಿದಿತ್ತು. ಅಂಗಳದಲ್ಲಿ ಮೂರು ಕಲ್ಲಿಟ್ಟು ಬೇಯಿಸಿಕೊಳ್ಳುತ್ತಾ, ಬೇರೆಯವರ ಮಗ್ಗಕ್ಕೆ ರೇಷ್ಮೆ ಸುತ್ತಿಕೊಟ್ಟು ಬದುಕಿದಳು. ಚಿಕ್ಕಬೀರಪ್ಪನ ಸುದ್ದಿ ಗಾರೆಯವರ ನಡುವೆ ಹಬ್ಬಿ, ಆ ಬೀದಿಗೆ ಯಾವ ಮೇಸ್ತ್ರಿಯೂ ಕಾಲಿಡುತ್ತಿರಲಿಲ್ಲ. ಹೊಗೆಗೂಡುಗಳಲ್ಲಿ ಮಸಿ ಕಟ್ಟಿತು. ‘ಎಲ್ಲಾ ಈ ಮುಂಡೆಯಿಂದ’ ಎಂದು ಜಗಲಿಗಳ ಮೇಲೆ ಕೂತಿದ್ದವರೇ ಅಂದರು. ಒಂದು ದಿನ ಸಪ್ಪಲಮ್ಮ ಸೀರೆ ಕಚ್ಚೆ ಹಾಕಿ, ಹಗ್ಗ ಪೊರಕೆ ಹಿಡಿದು ಒಬ್ಬರ ಮಾಡು ಹತ್ತಿದಳು. ಐವತ್ತು ದಾಟಿದ ಹೆಂಗಸು ಮಾಡಿನ ಮೇಲೆ ನಿಂತದ್ದು ನೋಡಿ ಬೀದಿ ನಕ್ಕಿತು. ಆದರೂ ಮನೆ ಮನೆಗೆ ಕರೆದರು. ಅವಳು ಗೂಡು ಕೆರೆದು, ಗೋಡೆಗೆ ಕಿವಿಯಿಟ್ಟು ಕುಟ್ಟಿ ನೋಡಿ, ಇದ್ದದ್ದನ್ನು ಇದ್ದಂತೆ ಹೇಳಿ ಇಳಿದು ಬರುತ್ತಿದ್ದಳು. ಮುಖ ತೊಳೆದುಕೊಳ್ಳದೆ ಹಾಗೇ ಮನೆಗೆ ನಡೆಯುತ್ತಿದ್ದಳು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಸೊಣ್ಣಪ್ಪ ಕರೆದ. ಅವನ ಮನೆಯಲ್ಲಿ ಆಗ ಬಾಣಂತಿ ಸೊಸೆ, ಮೂರು ತಿಂಗಳ ಕೂಸು. ಅಡುಗೆಮನೆಯ ಒಲೆಯ ಹಿಂದಿನ ಗೋಡೆ ಕುಟ್ಟಿದಾಗ ಟೊಳ್ಳು ಸದ್ದು ಬಂತು. ಸಪ್ಪಲಮ್ಮ ಮೂರು ಸಲ ಕುಟ್ಟಿದಳು. ಸಂದೇಹವಿರಲಿಲ್ಲ.

“ಹೆಂಗೈತಕ್ಕಾ?” ಎಂದ ಸೊಣ್ಣಪ್ಪ.

“ಚೆನ್ನಾಗೈತೆ” ಎಂದಳು.

ಎಂಟು ದಿನ ಅವಳು ಅಂಗಳದಲ್ಲಿ ಕೂತು ಆ ಮನೆಯ ಮಾಡನ್ನೇ ನೋಡಿದಳು. ಹೊಗೆ ಎದ್ದಾಗಲೆಲ್ಲ ಕೈಯ ಕೆಲಸ ನಿಲ್ಲುತ್ತಿತ್ತು. ಕೂಸಿನ ಅಳು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಒಂಬತ್ತನೆಯ ಬೆಳಿಗ್ಗೆ ಸೀದಾ ಅವರ ಅಡುಗೆಮನೆಗೆ ನುಗ್ಗಿ, “ಒಳಗೆ ಗಾರೆ ಉದುರೋಗೈತೆ ಸೊಣ್ಣಪ್ಪಾ, ಒಡೆದು ನೋಡ್ಸು” ಎಂದಳು.

“ಮೊನ್ನೆ ಚೆನ್ನಾಗೈತೆ ಅಂದೋಳು ಈಗ ದುಡ್ಡು ಕೀಳೋಕೆ ಬಂದ್ಯಾ? ನೀನೂ ಕಲ್ತ್ಕೊಂಡ್ಯಲ್ಲ ಪಿಳ್ಳಪ್ಪನ ವಿದ್ಯೆ!”

ಅವಳು ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಗೋಡೆಗೆ ಹೊಡೆದಳು. ಎರಡು ಏಟು ಬೀಳುವಷ್ಟರಲ್ಲಿ ಸೊಣ್ಣಪ್ಪನೂ ಮಗನೂ ಅವಳನ್ನು ಕೂದಲು ಹಿಡಿದು ಹೊರಗೆಳೆದು ಬೀದಿಗೆ ನೂಕಿದರು. ಬಿದ್ದಾಗ ಸೊಂಟದ ಮೂಳೆ ಮುರಿಯಿತು. ಮತ್ತೆ ಅವಳು ಎದ್ದು ನಡೆಯಲಿಲ್ಲ.

ಹಾರೆಯ ಏಟಿಗೆ ಬಿದ್ದ ತೂತಿನಲ್ಲಿ ಸೊಣ್ಣಪ್ಪ ಅದೇ ಸಂಜೆ ಕೈ ಹಾಕಿ ನೋಡಿದ. ಒಳಗಿನ ಗಾರೆ ಹಿಡಿಹಿಡಿಯಾಗಿ ಉದುರಿತು. ಮರುದಿನವೇ ನೆಲಮಂಗಲದ ಕಡೆಯಿಂದ ಒಬ್ಬ ಮೇಸ್ತ್ರಿಯನ್ನು ಗುಟ್ಟಾಗಿ ಕರೆಸಿ ಪೂರ್ತಿ ಗೋಡೆ ಹೊಸದಾಗಿ ಕಟ್ಟಿಸಿದ. ಈ ಮಾತು ಅವನ ಮನೆಯಿಂದ ಹೊರಗೆ ಬರಲಿಲ್ಲ.

ಸಪ್ಪಲಮ್ಮ ಮುಂದಿನ ವರ್ಷದ ಶ್ರಾವಣದವರೆಗೆ ಇದ್ದಳು. ಎದುರು ಮನೆಯ ಅಕ್ಕಯಮ್ಮ ಹೊತ್ತಿಗೆ ಒಂದು ಮುದ್ದೆ ತಂದಿಡುತ್ತಿದ್ದಳು. ತಂದಾಗಲೆಲ್ಲ ಸಪ್ಪಲಮ್ಮ ಚಾಪೆಯ ಮೇಲಿಂದ ಒಂದೇ ಮಾತು ಕೇಳುತ್ತಿದ್ದಳು: “ಸೊಣ್ಣಪ್ಪ ಗೋಡೆ ಒಡೆಸಿದನೇನೇ?”

ಅಕ್ಕಯಮ್ಮನಿಗೆ ನಿಜಕ್ಕೂ ಗೊತ್ತಿರಲಿಲ್ಲ. “ಇಲ್ಲ ಕಣಕ್ಕಾ” ಎಂದು ತಟ್ಟೆ ಇಟ್ಟು ಹೋಗುತ್ತಿದ್ದಳು.